ಗೋಡೆಗೆ ಹೊಡೆದ ಗುಂಡು

"ಬೀಗ ಹಾಕೋ ಮುಂಚೆ ಒಳಗೆ ಯಾರಾದ್ರೂ ಇದ್ದಾರಾ ಅಂತ ನೋಡೋ ಅಭ್ಯಾಸ ಇಲ್ವಾ?"

ಬಾಗಿಲನ್ನೇ ಕೇಳಿದೆ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಇದ್ದದ್ದು ನಾನು, ಮತ್ತು ಬೀರುಗಳ ಹಾಗೆ ಸಾಲಾಗಿ ನಿಂತ ಕಪ್ಪು ಸರ್ವರ್‌ಗಳು. ಎ.ಸಿ. ಗಾಳಿ ಕಿವಿಯ ತುದಿಯನ್ನು ಕೊರೆಯುತ್ತಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಬಾಗಿಲಿಗೆ ಹಿಡಿಯೂ ಇಲ್ಲ, ಕಾರ್ಡ್ ತೋರಿಸುವ ಪುಟ್ಟ ಪೆಟ್ಟಿಗೆ ಮಾತ್ರ.

ಕಾರ್ಡ್ ತೋರಿಸಿದೆ. ಕೆಂಪು ದೀಪ.

ಬೆಳಿಗ್ಗೆ ಇದೇ ಕಾರ್ಡಿಗೆ ಹಸಿರು ದೀಪ ಬಂದಿತ್ತು. ಅಂದರೆ, ನಾನು ಒಳಗಿರುವುದನ್ನು ನೋಡಿಕೊಂಡೇ ಬೀಗ ಹಾಕಿದ್ದರು.

ಗೋಡೆಯ ಮೇಲಿನ ಸ್ಪೀಕರ್ ಗೊರಗೊರ ಅಂದಿತು.

"ಬೇಜಾರು ಮಾಡ್ಕೋಬೇಡಿ ಸಾರ್."

ಮಾವನ ದನಿ. ಈ ಆಟವನ್ನು ಮಾಡಿದ ಕಂಪನಿಯ ಯಜಮಾನರ ಭಾಮೈದ ಅವನು. ಯಜಮಾನರ ಮಗ ಕರೆಯುತ್ತಾನೆಂದು ಇಡೀ ಕಟ್ಟಡವೇ ಅವನನ್ನು ಮಾವ ಎನ್ನುತ್ತಿತ್ತು, ಎಲ್ಲರೂ ಅವನ ಮಗಳನ್ನೇ ಕಟ್ಟಿಕೊಂಡವರ ಹಾಗೆ. ಕಾವಲು, ಬೀಗ, ಕೈಕಾಲು ಮುರಿಯುವುದು... ಎಲ್ಲ ಅವನದೇ ಖಾತೆ.

"ಕಂಪ್ಯೂಟರ್ ಮುಂದೆ ಕೂತ್ಕೊಳ್ಳಿ ಸಾರ್. ಹುಡುಗಿ ಮೋಸ ಮಾಡಿದಾಳೆ ಅಂತ ಒಂದು ಬಟನ್ ಒತ್ತಿ. ಬಾಗಿಲು ತೆಗೀತೀನಿ."

"ಒತ್ತದಿದ್ರೆ?"

"ಇಲ್ಲಿ ಹೊರಗಡೆ ಒಂದು ಹಳದಿ ಹಿಡಿ ಇದೆ ಸಾರ್. ಓದ್ಕೊಂಡೋರು ನೀವು, ನಿಮಗೆ ಗೊತ್ತಿರುತ್ತೆ."

ಗೊತ್ತಿತ್ತು. ಸರ್ವರ್ ಕೋಣೆಗೆ ಬೆಂಕಿ ಬಿದ್ದರೆ ನೀರು ಬಿಡುವುದಿಲ್ಲ, ಗ್ಯಾಸ್ ಬಿಡುತ್ತಾರೆ. ಗ್ಯಾಸ್ ತುಂಬಿದರೆ ಗಾಳಿಗೆ ಜಾಗ ಇರುವುದಿಲ್ಲ. ಬೆಂಕಿಯೂ ಉಸಿರು ಕಟ್ಟಿ ಸಾಯುತ್ತದೆ, ಒಳಗಿರುವವನೂ ಸಾಯುತ್ತಾನೆ.

ಕೂತೆ. ಕುರ್ಚಿಯ ಕೈಗೆ ಯಾವನೋ ಚಿಪ್ಸ್ ತಿಂದ ಬೆರಳು ಒರೆಸಿದ್ದ. ಕೀಬೋರ್ಡ್ ಮೇಲೆ ಚೆಲ್ಲಿದ ಕೂಲ್ ಡ್ರಿಂಕ್ ಒಣಗಿ ಅಂಟಾಗಿತ್ತು.

ನನ್ನ ಕೆಲಸ ಏನೆಂದು ಹೇಳಲಿಲ್ಲ ಅಲ್ಲವೇ? ವಿಡಿಯೋ ಗೇಮ್ ಪಂದ್ಯಗಳಲ್ಲಿ ಮೋಸ ಹಿಡಿಯುವುದು. ನಗಬೇಡಿ. ಗೇಮ್ ಸುಳ್ಳಿರಬಹುದು, ಮೋಸ ನಿಜವಾದದ್ದೇ.

ಈ ಆಟ ಬಹಳ ಸರಳ. ಅದೇ ಇದರ ಹೆಚ್ಚುಗಾರಿಕೆ. ನಾಲ್ಕು ಗೋಡೆಯ ಒಂದು ಅಂಗಳ, ಒಂದೇ ಥರದ ಬಂದೂಕು. ಓಡುವುದಕ್ಕೊಂದು ಬಟನ್, ಅಡಗುವುದಕ್ಕೊಂದು, ಹೊಡೆಯುವುದಕ್ಕೊಂದು. ಒಲೆಯ ಮೇಲಿಟ್ಟ ಹಾಲು ಉಕ್ಕುವಷ್ಟರಲ್ಲಿ ನಿಮ್ಮ ಅಜ್ಜಿಯೂ ಕಲಿತುಬಿಡುತ್ತಾರೆ. ಕೈ ನಡುಗುವವರೂ ಆಡಬಹುದು, ಕಣ್ಣು ಮಂಜಾದವರೂ ಆಡಬಹುದು. ಕಿವಿ ಕೇಳದವರಿಗಾಗಿ ಪರದೆಯ ಅಂಚಿನಲ್ಲಿ ಒಂದು ಕೆಂಪು ಕಮಾನು ಮೂಡುತ್ತದೆ. ನಿಮಗೆ ತಗಲುವ ಗುಂಡು ಬರುತ್ತಿದ್ದರೆ ಮಾತ್ರ ಮೂಡುತ್ತದೆ, ಯಾವ ಕಡೆಯಿಂದ ಬರುತ್ತಿದೆಯೋ ಆ ಕಡೆಯ ಅಂಚಿನಲ್ಲಿ. ಬೇಕಾದವರು ಹಾಕಿಕೊಳ್ಳಬಹುದು. ಕಿವಿ ನೆಟ್ಟಗಿರುವವರು ಯಾರೂ ಹಾಕಿಕೊಳ್ಳುವುದಿಲ್ಲ, ಮರ್ಯಾದೆಗೆ ಕಡಿಮೆಯಂತೆ.

ಗುಬ್ಬಿ ಹಾಕಿಕೊಳ್ಳುತ್ತಿದ್ದಳು. ಜ್ವರ ಬಂದು ಎರಡೂ ಕಿವಿ ಹೋದ ಹುಡುಗಿ. ಎದುರಿಗಿರುವವರ ತುಟಿ ನೋಡಿಕೊಂಡು ಮಾತಾಡುತ್ತಾಳೆ. ಕಿವಿ ಕೇಳುವವರ ಜೊತೆ ಅವಳು ಸರಿಸಮ ಕೂತು ಗೆಲ್ಲಬಹುದಾದ ಜಾಗ ಜಗತ್ತಿನಲ್ಲಿ ಇದೊಂದೇ. ಗೆದ್ದು ಗೆದ್ದು ಫೈನಲ್‌ಗೆ ಬಂದಿದ್ದಳು.

ಫೈನಲ್‌ನಲ್ಲಿ ಅವಳೆದುರು ಯಜಮಾನರ ಮಗ. ಆಟದಲ್ಲಿ ತನಗೆ ತಾನೇ ಇಟ್ಟುಕೊಂಡ ಹೆಸರು ಗುರಿಕಾರ. ದೂರು ಕೊಟ್ಟವನೂ ಅವನೇ. ಅವನ ದೂರು ಒಂದೇ ಮಾತಿನದು: "ನನ್ನ ಗುಂಡು ತಪ್ಪಲ್ಲ. ಅವಳಿಗೆ ಮಾತ್ರ ತಪ್ಪುತ್ತೆ. ಹೇಗೆ?"

ಮೋಸ ಅಂತ ನಾನು ಬಟನ್ ಒತ್ತಿದರೆ ಗುಬ್ಬಿ ಇನ್ನು ಬದುಕಿರುವವರೆಗೂ ಈ ಆಟ ಆಡುವಂತಿಲ್ಲ.

ಪಂದ್ಯ ನಡೆಸುವ ರೆಫರಿ ಮೇಡಂ ನನ್ನನ್ನು ಕರೆಸಿದ್ದು ಅದಕ್ಕೇ. ಬೆಳಿಗ್ಗೆಯಿಂದ ಅವರಿಬ್ಬರ ಹಳೆಯ ಪಂದ್ಯಗಳ ರೆಕಾರ್ಡಿಂಗ್ ಹಾಕಿಕೊಂಡು ಕೂತಿದ್ದೆ. ಮೊದಲು ಕಣ್ಣು ಮುಚ್ಚಿ ಕೇಳಿದೆ. ನಾನು ಯಾವಾಗಲೂ ಶುರು ಮಾಡುವುದು ಹಾಗೆಯೇ. ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದು ಅಜ್ಜ ಪದ್ಯ ಹಾಡುವುದರಿಂದ. ಅರ್ಥವಾಗದ ವಯಸ್ಸಿನಲ್ಲೇ ಅದು ಕಿವಿಯಲ್ಲಿ ಇಳಿದಿತ್ತು. ಲಯದಲ್ಲಿ ಒಂದು ಮಾತ್ರೆ ಜಾರಿದರೂ ನನಗೆ ಎಲ್ಲೋ ಹಲ್ಲಿಗೆ ಕಲ್ಲು ಸಿಕ್ಕಿದಂತಾಗುತ್ತದೆ.

ಮೋಸಗಾರರು ಗುಂಡಿನ ಸದ್ದಿಗಿಂತ ಮೊದಲೇ ಸರಿಯುತ್ತಾರೆ. ಅವರ ಯಂತ್ರ ಮೊದಲೇ ಹೇಳಿಕೊಟ್ಟಿರುತ್ತದೆ. ಗುಬ್ಬಿ ಸರಿಯುತ್ತಿದ್ದುದು ಸದ್ದಾದ ಮೇಲೆ. ಪ್ರತಿ ಸಲವೂ ಸದ್ದು, ಆಮೇಲೆ ಒಂದು ಬಿಡುವು, ಆಮೇಲೆ ಹೆಜ್ಜೆ. ಮನುಷ್ಯರ ಲಯ ಅದು. ಯಂತ್ರಕ್ಕೆ ಬರುವುದಿಲ್ಲ.

ಆಮೇಲೆ ಕಣ್ಣು ಬಿಟ್ಟು, ಸದ್ದು ಮುಚ್ಚಿ, ಅವಳ ಹಾಗೆಯೇ ಕೆಂಪು ಕಮಾನು ಹಾಕಿಕೊಂಡು ನೋಡಿದೆ.

ಗುರಿಕಾರನ ಬಂದೂಕು ಗೋಡೆಯ ಕಡೆ ಇತ್ತು. ಗುಬ್ಬಿ ನಿಂತಿದ್ದು ಅಂಗಳದ ಇನ್ನೊಂದು ಮೂಲೆಯಲ್ಲಿ. ಅವನು ಹೊಡೆದ. ಗೋಡೆಗೆ ಹೋಗಬೇಕಾದ ಗುಂಡು... ಆದರೂ ಅವಳ ಪರದೆಯಲ್ಲಿ ಕಮಾನು ಮೂಡಿತು. ಅದನ್ನು ಕಂಡು ಅವಳು ಪಕ್ಕಕ್ಕೆ ಹಾರಿದಳು, ಗುಂಡು ತಪ್ಪಿತು.

ಗುಂಡು ದಾರಿಯಲ್ಲಿ ಬಾಗುತ್ತಿತ್ತು.

ಗೊತ್ತಾಯಿತೇ? ಮಗ ಎಲ್ಲಿಗೆ ಹೊಡೆದರೂ ಎದುರಿನವನಿಗೆ ತಗಲುವಂತೆ ಆಟದೊಳಗೇ ಏರ್ಪಾಡು ಮಾಡಿದ್ದರು. ಬಾಗುವುದು ಚಿತ್ರದಲ್ಲಿ ಕಾಣದಂತೆ, ಸದ್ದಿನಲ್ಲಿ ಕೇಳದಂತೆ ಮುಚ್ಚಿದ್ದರು. ಸತ್ತವರೆಲ್ಲ ತಮ್ಮ ಇಂಟರ್‌ನೆಟ್ಟಿಗೆ ಬೈದುಕೊಂಡು ಎದ್ದು ಹೋಗಿದ್ದರು. ಕಮಾನನ್ನು ಮಾತ್ರ ಮುಚ್ಚಿರಲಿಲ್ಲ. ಆಟ ಮಾಡಿದವರಲ್ಲಿ ಒಬ್ಬನೂ ಅದನ್ನು ಹಾಕಿಕೊಂಡು ಒಂದು ದಿನ ಆಡಿರಲಿಲ್ಲ. ಕಿವುಡರಿಗೆ ಇಟ್ಟದ್ದು ತಾನೇ!

ಆ ಕ್ಷಣಕ್ಕೇ ಬಾಗಿಲ ಬೀಗ ಕ್ಲಿಕ್ ಅಂದಿದ್ದು. ನಾನು ಏನು ನೋಡುತ್ತಿದ್ದೇನೆಂದು ಮಾವ ಕ್ಯಾಮೆರಾದಲ್ಲಿ ನೋಡುತ್ತಿದ್ದ.

ಸ್ಪೀಕರ್ ಮತ್ತೆ ಗೊರಗೊರ ಅಂದಿತು. ಈ ಸಲ ಫೋನಿನ ಮೂಲಕ ಯಜಮಾನರು. ಮೆತ್ತಗಿನ ದನಿ. ಅವರು ಕೈಕುಲುಕಿದರೆ ಅತ್ತರಿನ ವಾಸನೆ ಸೋಪು ಹಾಕಿ ತೊಳೆದರೂ ಹೋಗುವುದಿಲ್ಲ.

"ಊಟ ಆಯ್ತೇನಪ್ಪಾ?"

"ಆಯ್ತು."

"ಒಳಗೆ ಚಳಿ ಜಾಸ್ತಿ. ಬೇಗ ಮುಗಿಸಿ ಬಾ. ಒಂದು ಬಟನ್, ಅಷ್ಟೇ ತಾನೆ?"

"ಮೋಸ ಆಗಿರೋದು ನಿಜ. ಹುಡುಗಿ ಮಾಡಿಲ್ಲ."



"ನೋಡಪ್ಪಾ, ನಿನಗೂ ಮಕ್ಕಳಿರಬೇಕು. ನನ್ನ ಮಗ ಚಿಕ್ಕವನಿದ್ದಾಗ ಸೋತ್ರೆ ಊಟ ಬಿಡ್ತಿದ್ದ. ಗೋಡೆಗೆ ತಲೆ ಚಚ್ಕೋತಿದ್ದ. ಅವನಿಗೋಸ್ಕರ ಈ ಆಟ ಮಾಡ್ದೆ. ಎಲ್ಲರಿಗೂ ಸುಲಭ ಆಗ್ಲಿ ಅಂತ ಮಾಡ್ದೆ. ಅವನಿಗೆ ಸ್ವಲ್ಪ ಜಾಸ್ತಿ ಸುಲಭ. ತಪ್ಪೇನು?"

"ಅವನಿಗೆ ಗೊತ್ತಾ?"

"ಇಲ್ಲ. ತನ್ನ ಕೈಚಳಕ ಅಂದ್ಕೊಂಡಿದಾನೆ. ಹಾಗೇ ಇರ್ಲಿ ಬಿಡು."

ನಾನು ಚಾಕು ಹಿಡಿದವರ ಜೊತೆ ಮಾತಾಡಿದ್ದೇನೆ. ಅವರ ಮುಂದೆಯೂ ಇಷ್ಟು ಹೇಸಿಗೆ ಆಗಿರಲಿಲ್ಲ. ತನ್ನ ಮಗನ ಒಂದು ಹೊತ್ತಿನ ಊಟಕ್ಕೆ ಇನ್ನೊಬ್ಬರ ಮಗಳ ಬದುಕು. ಅದನ್ನೂ ಊಟ ಆಯ್ತಾ ಅಂತ ಕೇಳಿಕೊಂಡೇ!

"ಮಾವ," ಅಂದೆ, "ಆ ಹಳದಿ ಹಿಡಿ ಹತ್ರಾನೇ ನಿಂತಿದೀಯಾ?"

"ಹೂಂ ಸಾರ್. ಎಳೀಲಾ?"

"ಬೇಡ. ಬಾಗಿಲಿಗೆ ಎಷ್ಟು ದೂರ?"

"ಒರಗ್ಕೊಂಡೇ ನಿಂತಿದೀನಿ ಸಾರ್. ಯಾಕೆ?"

ಮಾವನಿಗೆ ಗೊತ್ತಿಲ್ಲದ ಒಂದು ವಿಷಯ ನನಗೆ ಗೊತ್ತಿತ್ತು. ಹೊರಗಿನ ಹಿಡಿ ಎಳೆದರೆ ಬರುವುದು ಬರೀ ಗ್ಯಾಸ್. ಒಳಗೆ ಗಾಜಿನ ಹಿಂದೆ ಇರುವ ಬಟನ್ ಒತ್ತಿದರೆ ಮೊದಲು ಬೀಗ ಬಿಡುತ್ತದೆ, ಇದ್ದವರು ಓಡಿಹೋಗಲಿ ಎಂದು. ಗ್ಯಾಸ್ ಬರುವುದು ಆಮೇಲೆ.

ದೇವರನ್ನು ನೆನೆದೆ. ಮೊಣಕೈಯಿಂದ ಗಾಜು ಒಡೆದೆ.

ಸೈರನ್ ಬಡಿದುಕೊಂಡಿತು. ಬೀಗ ಬಿಟ್ಟಿತು. ನನ್ನ ಮೈಭಾರವನ್ನೆಲ್ಲ ಹಾಕಿ ಬಾಗಿಲಿಗೆ ಒದ್ದೆ. ಆಚೆ ಕಡೆ ಕುಂಬಳಕಾಯಿ ಒಡೆದಂತೆ ಸದ್ದಾಯಿತು.

ಮಾವ ಮೂಗು ಹಿಡಿದುಕೊಂಡು ಕೂತಿದ್ದ. ಬೆರಳ ಸಂದಿಯಿಂದ ರಕ್ತ.

"ಸಾರ್... ಹೇಳ್ಬಾರ್ದಾ ಸಾರ್?"

ದಾಟಿಕೊಂಡು ಓಡಿದೆ. ಬೆನ್ನ ಹಿಂದೆ ಗ್ಯಾಸ್ ಹಾವಿನ ಹಾಗೆ ಬುಸುಗುಟ್ಟಿತು.

ಕಾರಿಡಾರ್. ಮೆಟ್ಟಿಲು. ಬೆವರು ಹಿಡಿದ ಜೆರ್ಸಿಗಳ ರಾಶಿ. ರಟ್ಟಿನಲ್ಲಿ ಮಾಡಿದ ಆಳೆತ್ತರದ ಸಿಪಾಯಿಗಳು. ಒಬ್ಬೊಬ್ಬರನ್ನೇ ಹಿಂದಕ್ಕೆ ಬೀಳಿಸುತ್ತಾ ಓಡಿದೆ. ಮಾವ ಅವರನ್ನು ತುಳಿದುಕೊಂಡು ಬಂದ. ದಡಿಯ, ಆದರೆ ಕಾಲು ಚುರುಕು.

ಸಾಮಾನು ಸಾಗಿಸುವ ಲಿಫ್ಟ್ ಹತ್ತಿರ ನನ್ನ ಕಾಲರ್ ಹಿಡಿದ. ಪಕ್ಕೆಗೆ ಒಂದು ಗುದ್ದಿದ. ನನ್ನ ಕಣ್ಣಿಗೆ ಕತ್ತಲೆ ಕವಿಯಿತು.

"ನಿಲ್ಲಿ ಸಾರ್. ದಮ್ಮಯ್ಯ. ಭಾವ ನನ್ನ ಮನೆಗೆ ಸೇರ್ಸಲ್ಲ."

"ಬೇರೆ ಮನೆ ನೋಡ್ಕೋ."

ಅವನ ಮುರಿದ ಮೂಗಿಗೆ ಹಣೆ ಕೊಟ್ಟೆ. ಕೈ ಸಡಿಲವಾಯಿತು. ಲಿಫ್ಟಿನೊಳಕ್ಕೆ ನೂಕಿ, ಹೊರಗಿನಿಂದ ಅದರ ಕಬ್ಬಿಣದ ಜಾಲರಿ ಎಳೆದು ಚಿಲಕ ಹಾಕಿದೆ. ಒಳಗಿನಿಂದ ಅವನು ಇನ್ನೂ ಸಾರ್ ಸಾರ್ ಅನ್ನುತ್ತಿದ್ದ.

ಪರದೆ ಸರಿಸಿ ವೇದಿಕೆಗೆ ಬಂದೆ. ದೀಪಗಳು ಕಣ್ಣಿಗೆ ಚುಚ್ಚಿದವು. ಎರಡು ಗಾಜಿನ ಗೂಡು. ಒಂದರಲ್ಲಿ ಗುರಿಕಾರ ಕ್ಯಾಮೆರಾ ನೋಡಿ ನಗುತ್ತಿದ್ದ. ಇನ್ನೊಂದರಲ್ಲಿ ಗುಬ್ಬಿ, ತೊಡೆಯ ಮೇಲೆ ಕೈಕಟ್ಟಿಕೊಂಡು. ಅವಳ ಮುಂದಿನ ಪರದೆ ಆರಿತ್ತು. ನನ್ನ ಉತ್ತರ ಬರುವವರೆಗೆ ಆರಿಸಿಟ್ಟಿದ್ದರು. ನೋಡಲು ಬಂದವರು ಅವಳ ಕಡೆ ಬೆರಳು ತೋರಿಸಿ ಕಳ್ಳಿ, ಕಳ್ಳಿ ಎಂದು ಕೂಗುತ್ತಿದ್ದರು. ಅವಳಿಗೆ ಕೇಳುತ್ತಿರಲಿಲ್ಲ. ಆದರೆ ಇಷ್ಟು ಜನರ ತುಟಿ ಒಟ್ಟಿಗೆ ಒಂದೇ ಮಾತು ಆಡಿದರೆ ಓದುವುದು ಕಷ್ಟವೇ?

"ಏನ್ರೀ ಇದು, ಶರ್ಟೆಲ್ಲ ರಕ್ತ?" ರೆಫರಿ ಮೇಡಂ ಎದ್ದು ನಿಂತರು.

"ನಂದಲ್ಲ ಮೇಡಂ. ಅವಳ ಪರದೆ ಹಚ್ಚಿ. ಕೆಂಪು ಕಮಾನು ದೊಡ್ಡ ಪರದೆ ಮೇಲೂ ಕಾಣೋ ಹಾಗೆ ಮಾಡಿ."

"ಯಾಕೆ?"

"ಅವನು ಗೋಡೆಗೆ ಹೊಡೀಲಿ."

ಮೇಡಂ ನನ್ನ ಮುಖವನ್ನೇ ನೋಡಿದರು. ಆಮೇಲೆ ಬಟನ್ ಒತ್ತಿದರು. ಒಳ್ಳೆಯ ರೆಫರಿ.

ಗುಬ್ಬಿಯ ಸಿಪಾಯಿಯನ್ನು ಆಟದ ಅಂಗಳದ ಒಂದು ಮೂಲೆಯಲ್ಲಿ ಅಲುಗಾಡದಂತೆ ನಿಲ್ಲಿಸಿದರು. ಗುರಿಕಾರನಿಗೆ ಎದುರು ಮೂಲೆಯ ಗೋಡೆ ತೋರಿಸಿದರು.

"ಗೋಡೆಗಾ?" ನಕ್ಕ. "ಗೋಡೆ ಏನ್ ಮಾಡ್ತು ಪಾಪ?"

ಹೊಡೆದ.

ದೊಡ್ಡ ಪರದೆಯ ಅಂಚಿನಲ್ಲಿ ಕೆಂಪು ಕಮಾನು ಹೊತ್ತಿಕೊಂಡಿತು. ಗುಬ್ಬಿಯ ಸಿಪಾಯಿ ಕುಸಿದು ಬಿದ್ದ. ಗೋಡೆಯ ಮೇಲೆ ಒಂದು ಗೀರೂ ಇರಲಿಲ್ಲ.

ಕೂಗು ನಿಂತಿತು.

"ಇನ್ನೊಂದ್ಸಲ," ಅಂದರು ಮೇಡಂ.

ಈ ಸಲ ಅವನು ಆಕಾಶಕ್ಕೆ ಹೊಡೆದ. ಮತ್ತೆ ಕಮಾನು. ಗುಬ್ಬಿ ಮತ್ತೆ ಬಿದ್ದಳು.

ಮೇಡಂ ಅವನನ್ನು ಎಬ್ಬಿಸಿ, ಅದೇ ಕಂಪ್ಯೂಟರಿನಲ್ಲಿ ತಮ್ಮ ಹೆಸರು ಹಾಕಿ, ತಾವೇ ಕೂತು ಅದೇ ಗೋಡೆಗೆ ಹೊಡೆದರು. ಗೋಡೆಯಲ್ಲಿ ತೂತು ಬಿತ್ತು. ಕಮಾನು ಮೂಡಲಿಲ್ಲ. ಗುಬ್ಬಿ ನಿಂತೇ ಇದ್ದಳು.

"ಮೋಸದ ಆರೋಪ ಸುಳ್ಳು," ಮೈಕಿನಲ್ಲಿ ಹೇಳಿದರು ಮೇಡಂ. "ಹುಡುಗ ಫೈನಲ್‌ನಿಂದ ಹೊರಗೆ. ಹುಡುಗಿ ಗೆದ್ದಿದಾಳೆ." ಹೇಳುವಾಗ ಮುಖವನ್ನು ಗುಬ್ಬಿಯ ಕಡೆಗೇ ತಿರುಗಿಸಿದ್ದರು, ತುಟಿ ಕಾಣಲೆಂದು.

ಗುಬ್ಬಿ ನಗಲಿಲ್ಲ. ಕಟ್ಟಿದ್ದ ಕೈ ಬಿಚ್ಚಿದಳು, ಅಷ್ಟೇ. ಬೆರಳುಗಳು ಬೆಳ್ಳಗಾಗಿದ್ದವು.

ಯಜಮಾನರು ಮೊದಲ ಸಾಲಿನಿಂದ ಎದ್ದು ಬಂದರು. ಅತ್ತರು ಅವರಿಗಿಂತ ಮೊದಲು ಬಂತು.

"ಕಂಪ್ಯೂಟರ್ ದೋಷ," ಅಂದರು. "ಇವತ್ತೊಂದಿನ ಏನೋ ಹೆಚ್ಚುಕಮ್ಮಿ ಆಗಿದೆ. ಅಲ್ವೇನಪ್ಪಾ?"

ಗುರಿಕಾರ ಅಪ್ಪನನ್ನು ನೋಡಲಿಲ್ಲ. ನನ್ನನ್ನು ನೋಡಿದ.

"ಯಾವಾಗಿಂದ?"

"ಮೊದಲನೇ ದಿನದಿಂದ."

"ಎಲ್ಲಾ ಪಂದ್ಯಾನೂ?"

"ಎಲ್ಲಾ."

ಅವನ ಮುಖ ನೋಡಿ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಹಳಸಿದ್ದು ತಿಂದ ಮೇಲೆ ಬಾಯಲ್ಲಿ ಉಳಿಯುತ್ತದಲ್ಲ, ಆ ರುಚಿ. ಅಪ್ಪ ಹೆಗಲ ಮೇಲೆ ಕೈ ಇಡಲು ಹೋದರು. ಮಗ ಹೆಗಲು ಕೊಡವಿಕೊಂಡ.

ಗುಬ್ಬಿಯ ಗೂಡಿನ ಮುಂದೆ ಹೋಗಿ ನಿಂತ. ತುಟಿ ನಡುಗುತ್ತಿತ್ತು, ಆದರೂ ಅವಳಿಗೆ ತಿಳಿಯುವಂತೆ ಒಂದೊಂದೇ ಮಾತು ಬಿಡಿಸಿ ಆಡಿದ.

"ಅದಿಲ್ದೆ ಆಡ್ತೀನಿ. ನನ್ನ ಕೈಲೇ. ಒಂದೇ ಒಂದ್ಸಲ ನನ್ನ ಜೊತೆ ಆಡು, ಅಕ್ಕಾ."

ಗುಬ್ಬಿ ಅವನ ತುಟಿಯನ್ನು ಕೊನೆಯವರೆಗೂ ಓದಿದಳು. ಪರದೆ ಆರಿಸಿದಳು. ಚೀಲ ಹೆಗಲಿಗೇರಿಸಿದಳು.

"ಆಡಲ್ಲ," ಅಂದಳು. "ಬಿದ್ದೋರಿಗೆ ನಾನು ಗುಂಡು ಹೊಡೆಯಲ್ಲ."