ಚಂದ್ರಿಯ ಕರೆಪಟ್ಟಿ

ಪರಪ್ಪ ಮೆಟಗುಡ್ಡ ಕೈಯಲ್ಲಿದ್ದ ಗುಂಡಿಯನ್ನು ಒತ್ತಿದ. ಮೊಲದ ಬೆನ್ನು ಹತ್ತಿ ಹೆದ್ದಾರಿಯ ಕಡೆ ಹೊರಟಿದ್ದ ಅವನ ನಾಯಿ ಚಂದ್ರಿ ಗಕ್ಕನೆ ನಿಂತಳು. ಇನ್ನೊಂದು ನೆಗೆತಕ್ಕೆ ಮೊಲ ಸಿಗುತ್ತಿತ್ತು. ಅದನ್ನು ಬಿಟ್ಟು ಹೊರಳಿ, ಹೋದುದಕ್ಕಿಂತ ಹೆಚ್ಚಿನ ವೇಗದಲ್ಲಿ ಒಡೆಯನ ಕಡೆ ಓಡಿ ಬಂದಳು. ಬದುವಿನ ಮೇಲೆ ನಿಂತಿದ್ದ ಮಂದಿ ಸಿಳ್ಳೆ ಹಾಕಿದರು.

ಇದೆಂಥ ಪವಾಡ ಎಂಬುದು ಮುಧೋಳದ ಬೇಟೆನಾಯಿ ಸಾಕಿದವರಿಗೆ ಗೊತ್ತು. ಈ ಜಾತಿಯ ನಾಯಿ ಕಣ್ಣಿನಿಂದ ಬೇಟೆಯಾಡುತ್ತದೆ. ಓಟ ಹಿಡಿದ ಮೇಲೆ ಅದಕ್ಕೆ ಕಿವಿ ಇದ್ದೂ ಇಲ್ಲ. ನೀವು ಗಂಟಲು ಹರಿದುಕೊಂಡರೂ ಗೋರ್ಕಲ್ಲ ಮೇಲೆ ಮಳೆ ಗರೆದಂತೆ. ಚಂದ್ರಿಯ ತಾಯಿಯೂ ಅಣ್ಣನೂ ಹಾಗೆ ಓಡುತ್ತಲೇ ಹೋಗಿ ಚಾಲಕರಿಲ್ಲದ ಲಾರಿಗಳಿಗೆ ಸಿಕ್ಕಿ ಸತ್ತಿದ್ದವು. ಮಕ್ಕಳಿಲ್ಲದ ಪರಪ್ಪ ಎರಡು ಹೆಣಗಳನ್ನೂ ಹೆಗಲ ಮೇಲೆ ಹೊತ್ತು ತಂದಿದ್ದ. ಮೂರನೆಯದನ್ನು ಹೊರಲಾರೆ ಎಂದುಕೊಂಡು ಧಾರವಾಡದ ಪ್ರಾಣಿವಿಜ್ಞಾನಿ ಡಾ. ವತ್ಸಲಾ ಕಟ್ಟಿಯವರ ಬಾಗಿಲು ತಟ್ಟಿದ.

ಅವರು ಕೊಟ್ಟದ್ದೇ ನಾಯಿಯ ಕೊರಳಿಗೆ ಕಟ್ಟುವ ಈ ಕರೆಪಟ್ಟಿ. ಇದಕ್ಕೆ ಕಿವಿಯ ಹಂಗಿಲ್ಲ. ಗುಂಡಿ ಒತ್ತಿದರೆ ನಾಯಿಯ ಮಿದುಳಿನ ಘ್ರಾಣಕೇಂದ್ರಕ್ಕೆ, ಅಂದರೆ ವಾಸನೆಯನ್ನು ಅರಿಯುವ ಭಾಗಕ್ಕೆ, ನೇರವಾಗಿ ಸಂದೇಶ ಹೋಗುತ್ತದೆ. ಮೂಗಿನ ಮುಂದೆ ಇಲ್ಲದ ವಾಸನೆಯೂ ನಾಯಿಗೆ ಇದ್ದಂತೆಯೇ ತೋರುತ್ತದೆ.

ಪರಪ್ಪನ ಸಂತೋಷಕ್ಕೆ ಪಾರವಿರಲಿಲ್ಲ. ನೆಂಟರು ಬಂದಾಗ ಒತ್ತಿ ತೋರಿಸಿದ, ಊರವರು ಕೇಳಿದಾಗ ಒತ್ತಿದ, ಸುಮ್ಮಸುಮ್ಮನೆಯೂ ಒತ್ತಿದ. ಚಂದ್ರಿ ಪ್ರತಿ ಸಲವೂ ಬಂದಳು, ಆದರೆ ಬಾಲ ಆಡಿಸಲಿಲ್ಲ. ನಡುಗುತ್ತ ಬಂದು, ಮುಖ ಮೇಲೆತ್ತಿ ಊಳಿಡುವಳು. ಆಮೇಲೆ ಮುಂಗಾಲುಗಳನ್ನು ಅವನ ಎದೆಗೆ ಕೊಟ್ಟು ಬಾಯಿ ಮೂಸುವಳು. ಉಸಿರು ತಾಗಿದ ಮೇಲಷ್ಟೇ ಸುಮ್ಮನಾಗುವಳು.

ನಾಯಿ ಊಳಿಟ್ಟ ಮನೆಗೆ ಸಾವು ತಪ್ಪದು ಎಂದು ಊರಿನ ನಂಬಿಕೆ. ಪರಪ್ಪನ ಹೆಂಡತಿ ನೀಲವ್ವ ರೊಟ್ಟಿ ಮುಟ್ಟಲಿಲ್ಲ.

"ಅದಕ್ಕ ಯಮ ಕಾಣಾಕತ್ತ್ಯಾನ್ರಿ. ನಿಮ್ಮ ಮಾರಿ ನೋಡಿನ ಅಳತೈತಿ. ಎಲ್ಲ್ಯರ ಬಿಟ್ಟ ಬರ್ರಿ ಅದನ್ನ," ಎಂದು ಗೋಗರೆದಳು.

ಬಿಡುವ ಮಾತಿಗೇ ಪರಪ್ಪನ ಜೀವ ಹಿಂಡಿದಂತಾಯಿತು. ವಿಜ್ಞಾನಿಯನ್ನು ಮನೆಗೇ ಕರೆಸಿದ.

"ಬಾಯಾರ, ಖರೆ ಹೇಳ್ರಿ. ಗುಂಡಿ ಒತ್ತಿದಾಗ ಅದಕ್ಕ ಏನ್ ವಾಸನಿ ಬರತೈತಿ?"

ವತ್ಸಲಾ ಚಹದ ಕಪ್ಪನ್ನು ಕೆಳಗಿಟ್ಟರು. "ಮಾಂಸದ ವಾಸನಿ ಕೊಟ್ಟ ನೋಡಿದ್ವಿ ಪರಪ್ಪನವರ, ನಿಲ್ಲಲಿಲ್ಲ. ಮರಿಗಳ ವಾಸನಿಗೂ ನಿಲ್ಲಲಿಲ್ಲ. ಓಟದಾಗಿರೋ ನಾಯಿ ಒಂದಕ್ಕ ಮಾತ್ರ ಹೊಳ್ಳಿ ಬಂತು."

"ಯಾವದಕ್ಕ?"

"ಸಾಕಿದವರ ಉಸರ ನಿಂತ ವಾಸನಿಗೆ. ನಿಮ್ಮ ಬೆವರು, ಉಸರು ತಗೊಂಡಿದ್ವಲ್ಲ, ಅದರ ಮ್ಯಾಲಿಂದ ಮಾಡಿದ್ದು."

ಯಮನೂ ಇಲ್ಲ, ಅಪಶಕುನವೂ ಇಲ್ಲ. ಗುಂಡಿ ಒತ್ತಿದಾಗಲೆಲ್ಲ ಚಂದ್ರಿಯ ಪಾಲಿಗೆ ಪರಪ್ಪ ಸತ್ತಿದ್ದ. ನೆಂಟರ ಮುಂದೆ, ಊರವರ ಮುಂದೆ, ಬರೀ ತಮಾಷೆಗೆ ಸತ್ತಿದ್ದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅವನಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು. ಪಟ್ಟಿಯನ್ನು ಬಿಚ್ಚಿ, ವಿಜ್ಞಾನಿಯ ಎದುರಿಗೇ ಕಲ್ಲಿನಿಂದ ಜಜ್ಜಿದ. ವತ್ಸಲಾ ತಡೆಯಲಿಲ್ಲ.

ಪಟ್ಟಿ ಹೋಯಿತು, ಹೆದರಿಕೆ ಹೋಗಲಿಲ್ಲ. ಚಂದ್ರಿ ಓಡುವುದನ್ನೇ ಬಿಟ್ಟಳು. ಮೊಲ ಮೂಗಿನ ಮುಂದೆ ಹಾದರೂ ಏಳಳು. ಹೊಲಕ್ಕೆ ಒಯ್ದರೆ ಒಡೆಯನನ್ನು ಬಿಟ್ಟಿರಲಾರದೆ ಟ್ರ್ಯಾಕ್ಟರಿನ ಗಾಲಿಗೇ ಅಡ್ಡ ಬರುತ್ತಿದ್ದಳು. ಅಂಗಳದಲ್ಲಿ ಕಟ್ಟಿ ಹೋಗಬೇಕಾಯಿತು. ಕಟ್ಟಿದರೆ ಊಳು. ಪರಪ್ಪ ಎಲ್ಲಿದ್ದರೂ ಓಡಿ ಬಂದು, ಬಗ್ಗಿ, ಅವಳ ಮೂಗಿಗೆ ಉಸಿರು ಊದಿ "ಅದೀನವಾ, ಅದೀನಿ" ಎನ್ನಬೇಕು. ಮದುವೆಯ ಊಟದ ನಡುವೆ ಎದ್ದು ಬಂದ. ಅರ್ಧ ಕ್ಷೌರ ಮಾಡಿಸಿಕೊಂಡು ಬಂದ.

"ಇಷ್ಟ ವರ್ಷ ನಾ ಕರದಾಗ ಒಮ್ಮಿನೂ ಹಿಂಗ ಓಡಿ ಬರಲಿಲ್ಲ ನೀವು," ಎಂದು ನೀಲವ್ವ ಹಂಗಿಸಿದಳು.

ಸಂಗತಿ ಕೇಳಿ ವತ್ಸಲಾ ಫೋನಿನಲ್ಲಿ ನಿಟ್ಟುಸಿರುಬಿಟ್ಟರು. "ಪಟ್ಟಿ ಕಟ್ಟಿದ್ದು ನಾಯಿಗೆ ಪರಪ್ಪನವರ, ಕಲತವರು ನೀವು."

ಸುಗ್ಗಿಯ ಒಂದು ಮಧ್ಯಾಹ್ನ ಪರಪ್ಪ ಕಾಲುವೆ ದಂಡೆಯ ಹೊಲದಲ್ಲಿದ್ದಾಗ ಊಳು ಕೇಳಿತು. ಕೇಳಿದ್ದೇ ಎದ್ದು ಹೊರಟ. ಆವತ್ತು ಯಾಕೋ ಕಾಲುಗಳು ಬಹಳ ಹಗುರವಾಗಿದ್ದವು. ಅಷ್ಟು ದೂರ ಓಡಿದರೂ ದಣಿವಾಗಲಿಲ್ಲ. ಅಂಗಳಕ್ಕೆ ಬಂದು, ಬಗ್ಗಿ, ನಾಯಿಯ ಮೂಗಿಗೆ ಮುಖ ಕೊಟ್ಟ.

"ಅದೀನವಾ, ಅದೀನಿ."

ಚಂದ್ರಿ ಮೂಸಿದಳು. ಮತ್ತೊಮ್ಮೆ ಮೂಸಿದಳು. ಊಳು ನಿಲ್ಲಲಿಲ್ಲ. ಅವನು ಜೋರಾಗಿ ಊದಲು ನೋಡಿದ. ಎದೆಯೊಳಗೆ ಊದಲು ಏನೂ ಇರಲಿಲ್ಲ.

ಅಷ್ಟರಲ್ಲಿ ಹೊಲದ ಕಡೆಯಿಂದ ಯಾರೋ ಕೂಗುತ್ತ ಬಂದರು. "ನೀಲವ್ವಾ, ಟ್ರ್ಯಾಕ್ಟರ್ ಪಲ್ಟಿ ಆಗಿ ಕಾಲಿವ್ಯಾಗ ಬಿದ್ದೈತಿ! ಪರಪ್ಪಣ್ಣ ಕೆಳಗ ಸಿಕ್ಕಾನ, ಲಗೂ ಬಾರವಾ!"

ನೀಲವ್ವ ಎದೆ ಬಡಿದುಕೊಳ್ಳುತ್ತ ಒಳಗಿನಿಂದ ಬಂದಳು. ಪರಪ್ಪನ ಪಕ್ಕದಲ್ಲೇ ಹಾದು, ಅವನತ್ತ ನೋಡದೆ, ಕಾಲುವೆಯ ಕಡೆ ಓಡಿದಳು. ಅವನು ಅವಳ ಹೆಸರು ಹಿಡಿದು ಕೂಗಿದ. ಅವಳು ತಿರುಗಲಿಲ್ಲ.

ಚಂದ್ರಿ ಒಬ್ಬಳೇ ಅವನ ಮುಖವನ್ನೇ ನೋಡುತ್ತ ಅಳುತ್ತಿದ್ದಳು. ಕರೆದಾಗ ಬರುವುದನ್ನು ಪರಪ್ಪ ಕಲಿತಿದ್ದ. ಹೋಗುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.