ಎಡಗಡೆಯಿಂದ ಬಂದ ಗಾಡಿ

“ಚಿತ್ರಕ್ಕೆ ನೂರಕ್ಕೆ ನೂರು ಕೊಡ್ತೀನಿ. ಸದ್ದು ಮಾತ್ರ... ಖಾಲಿ ಮಿಕ್ಸಿ ಓಡಿಸಿದ ಹಾಗಿದೆ!”

ಅವಳ ಮೈಯೆಲ್ಲ ಉರಿದುಹೋಯಿತು.

ಹೊಸ ವಿಡಿಯೋ ಗೇಮ್‌ಗಳ ಪ್ರದರ್ಶನ ನಡೆಯುತ್ತಿತ್ತು. ಮೂಲೆಯ ಪುಟ್ಟ ಮೇಜಿನ ಮೇಲೆ ಅವಳು ಒಬ್ಬಳೇ ಕಟ್ಟಿದ ಆಟ. ಇನ್ನೂ ಹುಟ್ಟದ ಕಾಲದ ಒಂದು ನಗರ, ಅದರ ಗೋಪುರಗಳ ನಡುವೆ ಗಾಳಿಯಲ್ಲೇ ನುಗ್ಗುವ ಚಕ್ರವಿಲ್ಲದ ತೇಲುಗಾಡಿಗಳ ರೇಸ್. ಕೆಲಸ ಬಿಟ್ಟು, ನಿದ್ದೆಗೆಟ್ಟು ಸಾಕಿದ ಕೂಸು ಅದು. ಈ ಮನುಷ್ಯ ಬಂದ, ಆಡಿದ, ಹೆಡ್‌ಫೋನ್ ಕಿತ್ತಿಟ್ಟ, ಹೀಗಂದ!

“ಅಷ್ಟು ಗೊತ್ತಿದ್ರೆ ನೀವೇ ಮಾಡಿಕೊಡಿ!” ಎಂದಳು, ಸಿಡುಕಿ.

“ಮಾಡ್ತೀನಿ. ನನ್ನ ಕೆಲಸವೇ ಅದು. ಸಿನಿಮಾಗಳಿಗೆ ಸದ್ದು ಮಾಡ್ತೀನಿ.”

ಅವಳು ಸಿಡುಕುತ್ತಲೇ ವಿಳಾಸ ಬರೆದುಕೊಟ್ಟಳು.

ಮರುವಾರವೇ ಅವನು ಮೈಕು, ವೈರುಗಳ ಸಮೇತ ಅವಳು ಇದ್ದ ಅಕ್ಕನ ಮನೆಯ ಮಹಡಿ ಕೋಣೆಗೆ ಬಂದ. ಲಿಫ್ಟಿನ ಮೋಟಾರು, ಹರಿದ ಛತ್ರಿ, ಭಾವನ ಗೊರಕೆ... ಎಲ್ಲವನ್ನೂ ಹಿಡಿದು, ಹಿಗ್ಗಿಸಿ, ತಿರುಚಿ ತೇಲುಗಾಡಿಗಳ ಗುಡುಗು ಮಾಡಿದ.

“ನನ್ನ ಗೊರಕೆ ಅಷ್ಟು ಜೋರಾ?” ಎಂದು ಭಾವ ಮುಖ ಊದಿಸಿಕೊಂಡರು.

“ರೇಸ್ ಗೆಲ್ಲೋ ಗಾಡಿ ಅದೇ, ಭಾವ!” ಎಂದು ಅವಳು ನಕ್ಕಳು.

ನಗು ಹೆಚ್ಚಾಯಿತು. ಅವನ ಹೆಜ್ಜೆ ಮೆಟ್ಟಿಲ ಮೇಲೆ ಕೇಳಿದರೆ ಸಾಕು, ಅವಳ ಬೆರಳು ಕೀಬೋರ್ಡಿನ ಮೇಲೆ ತಪ್ಪುತ್ತಿತ್ತು. ‘ಇದೇನಾಯ್ತು ನನಗೆ...’

ಆಟದ ಬಿಡುಗಡೆ ಹತ್ತಿರ ಬಂದಾಗ, ಒಂದು ದಿನ ಅವನ ಮೆಸೇಜ್ ಬಂತು. ‘ಇನ್ನು ನನ್ನಿಂದ ಆಗಲ್ಲ. ಕ್ಷಮಿಸಿ.’

ಫೋನ್ ಮಾಡಿದರೆ ಎತ್ತಲಿಲ್ಲ. ಅದೇ ವಾರ ಒಂದು ದೊಡ್ಡ ಕಂಪನಿ ತನ್ನ ಹೊಸ ರೇಸಿಂಗ್ ಆಟವನ್ನು ಘೋಷಿಸಿತು. ಪ್ರದರ್ಶನದ ದಿನ ಅವನು ಆ ಕಂಪನಿಯವರ ಜೊತೆ ನಗುತ್ತಾ ಮಾತಾಡಿದ್ದು ಅವಳ ಕಣ್ಣಿಗೆ ಕಟ್ಟಿತು.

‘ದೊಡ್ಡವರು ಕರೆದರು, ಹೋದ. ನಾನು ಯಾವ ಲೆಕ್ಕ!’

ಅತ್ತಳು. ಮನಸಾರೆ ಅತ್ತಳು. ಆಮೇಲೆ ಮುಖ ತೊಳೆದು ಕಂಪ್ಯೂಟರ್ ಮುಂದೆ ಕೂತಳು. ಅವನಿಲ್ಲದಿದ್ದರೆ ಆಟ ನಿಲ್ಲುತ್ತಾ? ಉಳಿದ ಸದ್ದನ್ನು ತಾನೇ ಕಲಿತು ಮಾಡುವೆನೆಂದು ಹಟ ಹಿಡಿದಳು.

ಒಂದು ಸಂಜೆ ಡ್ಯೂಟಿ ಮುಗಿಸಿ ಬಂದ ಅಕ್ಕ, ನರ್ಸ್ ಸಮವಸ್ತ್ರದಲ್ಲೇ ಮಹಡಿ ಹತ್ತಿದಳು.

“ಏ ಹಟಮಾರಿ, ನಿನ್ನ ಸದ್ದಿನವನನ್ನ ಆಸ್ಪತ್ರೆಯಲ್ಲಿ ನೋಡಿದೆ ಕಣೇ. ಕಿವಿ ಡಾಕ್ಟರ್ ಕೋಣೆ ಹೊರಗೆ ಕೂತಿದ್ದ. ಎಡಗಡೆಯಿಂದ ಎಷ್ಟು ಕರೆದ್ರೂ ತಿರುಗಲಿಲ್ಲ. ಎದುರಿಗೆ ಹೋದ ಮೇಲೇ ಬೆಚ್ಚಿಬಿದ್ದ.”



ಮರುದಿನ ಬೆಳಗ್ಗೆಯೇ ಅವನ ಬಾಗಿಲು ತಟ್ಟಿದಳು. ಅವನು ಮೈಕುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ.

“ಯಾಕೆ ಹೇಳಲಿಲ್ಲ?”

ಅವನು ತಲೆ ತಗ್ಗಿಸಿದ. “ಎಡಗಿವಿ ಪೂರ್ತಿ ಹೋಯ್ತು. ವಾಪಸ್ ಬರಲ್ಲ ಅಂದ್ರು. ಹಿಂದಿನ ಗಾಡಿ ಯಾವ ಕಡೆಯಿಂದ ನುಗ್ಗುತ್ತೆ ಅಂತ ಕಿವಿಯಲ್ಲೇ ತಿಳಿಬೇಕಾದ ಆಟ ನಿಮ್ಮದು. ನನಗೇ ತಿಳಿಯಲ್ಲ! ಹೇಳಿದ್ರೆ ನೀವು ಕನಿಕರಕ್ಕೆ ಇಟ್ಕೊಳ್ತಿದ್ರಿ.”

“ನಾನು ನಿಮ್ಮನ್ನ ಮೋಸಗಾರ ಅಂದ್ಕೊಂಡಿದ್ದೆ, ಗೊತ್ತಾ? ಆ ಕಂಪನಿಗೆ ಹೋದ್ರಿ ಅಂತ...”

“ಅವರು ಕರೆದಿದ್ದು ನಿಜ. ಅವತ್ತೇ ಬೇಡ ಅಂದಿದ್ದೆ.”

“ಹಾಗಾದ್ರೆ ಪೆಟ್ಟಿಗೆ ಬಿಚ್ಚಿ.”

“ಒಂದೇ ಕಿವಿಯವನನ್ನ ಕಟ್ಕೊಂಡು ಏನು ಮಾಡ್ತೀರಾ?”

“ಕಟ್ಕೊಳ್ಳೋ ವಿಷಯ ಆಮೇಲೆ ನೋಡೋಣ. ಮೊದಲು ಕೆಲಸ ಮುಗಿಸಿ! ಎಡಗಡೆ ನಾನು ಕೂರ್ತೀನಿ. ನಿಮಗೆ ಕೇಳದ್ದನ್ನ ನಾನು ಕೇಳಿ ಹೇಳ್ತೀನಿ.”

ಆಡಿದ ಮಾತಿನ ಅರ್ಥ ಹೊಳೆದು ಅವಳ ಕೆನ್ನೆ ಕೆಂಪಾಯಿತು. ಅವನು ಮೆಲ್ಲಗೆ ಪೆಟ್ಟಿಗೆ ಬಿಚ್ಚಿದ.

ಕೆಲಸ ಸುಲಭವಿರಲಿಲ್ಲ. “ಹತ್ತಿರ ಬಂತಾ?” “ಇನ್ನೂ ಇಲ್ಲ.” “ಈಗ?” “ಜಾಸ್ತಿ ಆಯ್ತು!” ಜಗಳವಾಡಿದರು, ಮುನಿಸಿಕೊಂಡರು, ಮತ್ತೆ ಕೂತರು. ಪಟ್ಟು ಬಿಡಲಿಲ್ಲ.

ಕೊನೆಗೂ ಆಟ ಬಿಡುಗಡೆಯಾಯಿತು. ಆ ಸಂಜೆ, ಈ ಆಟಪಾಟ ಯಾವತ್ತು ಮುಗಿಯುತ್ತೋ ಎಂದು ಗೊಣಗುತ್ತಿದ್ದ ಅಕ್ಕನೇ ಹೆಡ್‌ಫೋನ್ ಹಾಕಿಕೊಂಡು ಆಡಲು ಕೂತಳು. ಇಬ್ಬರೂ ಬಾಗಿಲಲ್ಲಿ ನಿಂತು, ಉಸಿರು ಬಿಗಿಹಿಡಿದು ನೋಡಿದರು.

ತಟ್ಟನೆ ಅಕ್ಕ ಬಲಕ್ಕೆ ಬಾಗಿ, “ಅಯ್ಯೋ! ಎಡಗಡೆಯಿಂದ ಮೇಲೇ ಬಂತಲ್ರೋ!” ಎಂದು ಚೀರಿದಳು.

ಅವನ ಕಣ್ಣು ತುಂಬಿತು. ಹೊರಗೆ ಮೆಟ್ಟಿಲ ಬಳಿ ಹೋಗಿ ನಿಂತ. ಅವಳೂ ಹಿಂದೆಯೇ ಬಂದು, ಅವನ ಎಡಕ್ಕೆ ನಿಂತು, ಪಿಸುದನಿಯಲ್ಲಿ ಏನೋ ಹೇಳಿದಳು.

ಅವನು ತಿರುಗಿದ. “ತುಟಿ ಅಲುಗಿತು. ಏನಂದ್ರಿ?”

“ಏನಿಲ್ಲ...”

“ಈ ಕಡೆ ಬಂದು ಹೇಳಿ.”

“ಆ ಕಡೆ ಹೇಳೋಕೆ ಧೈರ್ಯ ಬೇಕು.”

“ಗಾಳಿಯಲ್ಲಿ ಇಡೀ ನಗರ ಕಟ್ಟಿದವರಿಗೆ ಧೈರ್ಯ ಇಲ್ವಾ?”

ಅವಳು ಅವನನ್ನು ಸುತ್ತಿ ಬಲಕ್ಕೆ ಬಂದಳು. “ನೀವು ನನಗೆ ಬೇಕು. ಆಟಕ್ಕಲ್ಲ... ನನಗೆ.”

ಅವನು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಕೇಳಿಸ್ತಾ?” ಎಂದಳು, ಗಾಬರಿಯಿಂದ.

“ಚೆನ್ನಾಗಿ ಕೇಳಿಸ್ತು... ಆದರೂ ಇನ್ನೊಂದು ಸಲ ಹೇಳಿ!”