ಹೊಂಗೆ ಹೂ ಬಿಟ್ಟ ಕೆರೆ ಏರಿ

"ಮೇಷ್ಟ್ರೇ! ಯಾರನ್ನ ಕೇಳಿ ಇದ್ನ ಇಲ್ಲಿ ತಂದಿಟ್ರಿ?"

ಪವಿತ್ರಳ ಕೂಗಿಗೆ ಕುಂತೂರಿನ ಆ ಬೀದಿಯೇ ತಿರುಗಿ ನೋಡಿತು. ರೇಷ್ಮೆ ಹುಳು ಸಾಕುವ ಮನೆ, ಹುಳುಗಳಿಗೆ ವಾಸನೆ ಆಗದೆಂದು ಊದಿನಕಡ್ಡಿಯನ್ನೂ ಹಚ್ಚದ ಮನೆ. ಅದರ ಬಾಗಿಲಲ್ಲೇ ಎಣ್ಣೆಬಣ್ಣದ ಹಸಿ ಚಿತ್ರ, ಅದರ ಘಾಟು!

ಅಂಗಳದಾಚೆಯ ಬಾಡಿಗೆ ಕೋಣೆಯಿಂದ ಓಡಿಬಂದ ಡ್ರಾಯಿಂಗ್ ಮೇಷ್ಟ್ರು ಷಡಕ್ಷರಿ ತಡವರಿಸಿದ. "ಅದು... ನಿಮ್ಗೇ ಅಂತ..."

"ನನ್ ಹುಳ ಸಾಯ್ಸೋಕಾ? ಇದೇನು ಚಿತ್ರಾನಾ, ಬಣ್ಣ ಎರಚಿರೋ ಗೋಣಿಚೀಲಾನಾ?"

ಎತ್ತಿ ಅಂಗಳಕ್ಕೆ ಎಸೆದೇಬಿಟ್ಟಳು. ಹಸಿ ಬಣ್ಣ ಮಣ್ಣಿಗೆ ಕವುಚಿಕೊಂಡಿತು.

ಅವನ ಮುಖ ಸಣ್ಣಗಾಯಿತು. ಕೋಣೆಗೆ ಹೋಗಿ ಬ್ಯಾಗು ತುಂಬತೊಡಗಿದ.

ಅಷ್ಟರಲ್ಲಿ ಅವಳ ಅವ್ವ ಚನ್ನಮಲ್ಲಮ್ಮ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ ಬಂದಳು. "ಅಯ್ಯೋ, ಏನ್ ಮಾಡ್ದೇ! ವಾಸ್ನೆ, ಬ್ಯಾಡ ಅಂತ್ಲೇ ಅಂದ್ರು ಅವ್ರು. ನೀನು ಬರೋಗಂಟ ಒಂದ್ ಗಳಿಗೆ ಇರ್ಲಿ ಅಂದೋಳು ನಾನೇ ಕಣೇ!"

ಪವಿತ್ರ ಅಂಗಳಕ್ಕೆ ಓಡಿದಳು. ಚಿತ್ರವನ್ನೆತ್ತಿ ಆಚೆ ಗೋಡೆಗೆ ಒರಗಿಸಿ ಹಿಂದೆ ಸರಿದಳು...

ಹತ್ತಿರದಲ್ಲಿ ಬರೀ ಬಣ್ಣದ ತೇಪೆ. ದೂರದಿಂದ ನೋಡಿದರೆ ಊರ ಕೆರೆ! ಏರಿಯುದ್ದಕ್ಕೂ ಹೂ ಬಿಟ್ಟ ಹೊಂಗೆ ಮರಗಳು, ನೀರಿನಲ್ಲಿ ಅವುಗಳ ನೆರಳು. ಮರದಡಿಯಲ್ಲಿ ಸೊಪ್ಪಿನ ಕುಕ್ಕೆ ಹೊತ್ತು ಬರುವ ಹಸಿರು ಸೀರೆಯವಳು... ಅಯ್ಯೋ, ತಾನೇ!

'ಇಷ್ಟು ಆಸೆಯಿಂದ ಬರೆದವರನ್ನ ಬೀದಿ ಜನರೆದುರು ಎಂಥಾ ಮಾತು ಅಂದುಬಿಟ್ಟೆ!' ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಅವನ ಮುಂದೆ ಹೋಗಲು ಮುಖವೇ ಇಲ್ಲ ಅನ್ನಿಸಿತು.

ಆದರೆ ಷಡಕ್ಷರಿ ಬ್ಯಾಗು ಹೆಗಲಿಗೇರಿಸಿ ಕೋಣೆ ಬಿಟ್ಟು ಹೊರಟೇಬಿಟ್ಟಿದ್ದ!

ಬೈದದ್ದು ಎಲ್ಲರೆದುರು, ತಪ್ಪು ಒಪ್ಪಿಕೊಳ್ಳುವುದೂ ಎಲ್ಲರೆದುರೇ. ಬೀದಿಯ ನಡುವೆ ಅವಳು ಅಡ್ಡ ನಿಂತಳು.

"ತಪ್ಪಾಯ್ತು ಮೇಷ್ಟ್ರೇ... ನಿಮ್ ಮಕ ನೋಡೋಕೂ ನಾಚ್ಕೆ ಆಯ್ತದೆ. ಚಿತ್ರಾನೆಲ್ಲ ಕೆಡಿಸ್ಬಿಟ್ಟೆ."

ಅವನು ಗೋಡೆಗೊರಗಿದ್ದ ಚಿತ್ರದತ್ತ ನೋಡಿದ. ಅಂಗಳದ ಕೆಮ್ಮಣ್ಣು ಮರಗಳ ಬುಡದಲ್ಲಿ ಉದ್ದಕ್ಕೆ ಅಂಟಿತ್ತು.

"ಕೆಟ್ಟಿಲ್ಲ ಬುಡಿ. ಏರಿ ಮ್ಯಾಲೆ ದಾರಿ ಬರ್ಯೋದು ಮರ್ತಿದ್ದೆ, ನೀವೇ ಹಾಕ್ಕೊಟ್ರಿ."

ಅವಳ ಕಣ್ಣು ತುಂಬಿತು. "ಆ ದಾರೀಲಿ ನನ್ನೊಬ್ಳನ್ನೇ ಯಾಕ್ ಬರ್ದ್ರಿ?"

"ಜೊತೇಲಿ ನನ್ನೂ ಬರ್ಕೊಳೋಕೆ... ನಿಮ್ಮನ್ನ ಕೇಳ್ಬೇಕಿತ್ತು. ಪ್ರೀತಿ ಇದ್ರೂ ಬಾಯಿ ಬರ್ನಿಲ್ಲ ಪವಿತ್ರ."

ತಲೆ ತಗ್ಗಿಸಿಕೊಂಡೇ ಅವಳು ಅವನ ಹೆಗಲಿನ ಬ್ಯಾಗು ಕಿತ್ತುಕೊಂಡಳು.

"ಬರ್ಕಳಿ... ಆದ್ರೆ ಬಣ್ಣ ಒಣಗೋಗಂಟ, ಚಿತ್ರಾನೂ ನೀವೂ ಹುಳದ ಮನೆ ತಾವ ಬರ್ಬ್ಯಾಡಿ!"